ಕೈಗುಣವೋ, ಓವನ್ನಿನ ಗುಣವೋ?



ಸಾರು ಕೆಟ್ಟರೆ ಬೇಳೆಯ ಮೇಲೆ, ದೋಸೆ ಕಿತ್ತು ಬಂದರೆ ಹೆಂಚಿನ ಮೇಲೆ, ಹಪ್ಪಳ ಮುರಿದರೆ ಬಿಸಿಲಿನ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಕೇಕು ಕೆಟ್ಟಿತು ಅನ್ನಿ, ಆಗ ಮಾತ್ರ ತಪ್ಪು ನೇರವಾಗಿ ಮಾಡಿದವಳ ತಲೆಯ ಮೇಲೇ ಬಂದು ಕೂರುತ್ತದೆ. "ನಿನ್ನ ಕೈಗುಣಾನೇ ಅಷ್ಟು ಬಿಡು" ಅಂತ ಮನೆಮಂದಿಯೆಲ್ಲ ನಗುತ್ತಾರೆ. ಓವನ್ ಮಾತ್ರ ಮೂಲೆಯಲ್ಲಿ ಏನೂ ಅರಿಯದ ಹಸುಗೂಸಿನ ಹಾಗೆ ಕುಳಿತಿರುತ್ತದೆ!

ಮಲೆನಾಡಿನ ಸಣ್ಣ ಊರೊಂದರಿಂದ ಒಬ್ಬ ಸೋದರಿ ಬರೆದ ಪತ್ರ ನನ್ನ ಮುಂದಿದೆ. ಎರಡು ವರ್ಷಗಳಿಂದ ಅವರು ಅಕ್ಕಪಕ್ಕದ ಮನೆಗಳ ಹುಟ್ಟುಹಬ್ಬಗಳಿಗೆ ಕೇಕು ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಮಗಳ ಟ್ಯೂಷನ್ ಖರ್ಚು ಅದರಲ್ಲೇ ನಡೆಯುತ್ತಿತ್ತಂತೆ. ಹಳೆಯ ಓವನ್ ಕೆಟ್ಟು, ಹೊಸದು ತಂದ ಮೇಲೆ ಸಾಲಾಗಿ ಮೂರು ಕೇಕು ಹಾಳಾದವು. ಮೇಲೆ ಕರಿಕು, ಒಳಗೆ ಹಸಿ. ಒಂದು ಮನೆಯವರು ಕೊಟ್ಟ ಹಣ ವಾಪಸು ಕೇಳಿದರು. "ಅಳತೆ ಅದೇ, ಮೈದಾ ಅದೇ, ನಾನೂ ಅವಳೇ. ಕೈಗೆ ಏನಾಯಿತೋ ಕಾಣೆ. ಇನ್ನು ಈ ಕೆಲಸವೇ ಬೇಡ ಅಂತ ನಿಲ್ಲಿಸಿಬಿಟ್ಟಿದ್ದೇನೆ" ಎಂದು ಬರೆದಿದ್ದಾರೆ.

ನಿಲ್ಲಿಸಬೇಡಿ ಸೋದರಿ. ಅಳತೆ ಅದೇ, ಮೈದಾ ಅದೇ, ನೀವೂ ಅವರೇ ಆಗಿದ್ದ ಮೇಲೆ ಬದಲಾದದ್ದು ಯಾವುದು? ಓವನ್ ತಾನೇ? ಹಾಗಾದರೆ ಮೊದಲು ಕಟಕಟೆಗೆ ನಿಲ್ಲಬೇಕಾದದ್ದು ಅದು, ನೀವಲ್ಲ. ಈ ಸಲದ ಅಂಕಣವನ್ನೆಲ್ಲ ಅದರ ವಿಚಾರಣೆಗೇ ಮೀಸಲಿಡೋಣ. ಮನೆಯಲ್ಲಿ ಓ.ಟಿ.ಜಿ. ಎನ್ನುವ ಸಣ್ಣ ವಿದ್ಯುತ್ ಓವನ್ ಇದ್ದವರಿಗೆ, ಕನ್ವೆಕ್ಷನ್ ಸೌಕರ್ಯವಿರುವ ಮೈಕ್ರೋವೇವ್ ಇದ್ದವರಿಗೆ, ನಾಳೆ ಕೊಳ್ಳಬೇಕೆಂದು ಇರುವವರಿಗೆ, ಎಲ್ಲರಿಗೂ ಇದು ಅನ್ವಯಿಸುತ್ತದೆ.

ಅಂಕಿ ಬೇರೆ, ಶಾಖ ಬೇರೆ

ನಮ್ಮ ಅಜ್ಜಿಯರು ಥರ್ಮಾಮೀಟರ್ ಕಂಡವರಲ್ಲ. ಆದರೂ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಹೆಂಚಿನ ಮೇಲೆ ನೀರು ಚಿಮುಕಿಸಿ, ಹನಿ ಮುತ್ತಿನಂತೆ ಉರುಳಾಡಿದರೆ ಹೆಂಚು ಚೆನ್ನಾಗಿ ಕಾದಿದೆ ಎನ್ನುತ್ತಿದ್ದರು. ಹನಿ ಹೀಗೆ ತನ್ನದೇ ಆವಿಯ ಮೇಲೆ ತೇಲಿ ಓಡುವುದನ್ನು ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯರು 1756ರಲ್ಲಿ ವಿವರಿಸಿದರು. ಅದಾಗಬೇಕಾದರೆ ಹೆಂಚು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಿರಬೇಕು. ಹಾಗೆಯೇ ತಣ್ಣೀರಿಗೆ ಬಿಟ್ಟ ಪಾಕ ಮೆತ್ತಗೆ ಉಂಡೆ ಕಟ್ಟಿದರೆ ಅದರ ಬಿಸಿ 112ರಿಂದ 116 ಡಿಗ್ರಿ ಎಂದು ಅರ್ಥ. ಕಾದ ಎಣ್ಣೆಗೆ ಚೂರು ಹಿಟ್ಟು ಬಿಟ್ಟು, ಅದು ಏಳುವ ವೇಗ ನೋಡಿ ಬೋಂಡಾ ಬಿಡುತ್ತೇವಲ್ಲ, ಅದೂ ಅಳತೆಯೇ. ಇವೆಲ್ಲದರಲ್ಲಿ ಒಂದು ಗುಟ್ಟಿದೆ, ನೋಡಿ. ನಾವು ಶಾಖವನ್ನೇ ನೇರವಾಗಿ ಕೇಳುತ್ತೇವೆ, ಒಲೆಯ ಮಾತನ್ನು ನಂಬುವುದಿಲ್ಲ.

ಓವನ್ ಬಂದ ಮೇಲೆ ಈ ಪದ್ಧತಿ ತಪ್ಪಿಹೋಯಿತು. ಮುಚ್ಚಿದ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡುವುದು ಹೇಗೆ? ಗುಂಡಿಯ ಮೇಲೆ 180 ಎಂದು ಬರೆದಿದೆ, ಅಲ್ಲಿಗೆ ತಿರುಗಿಸಿದೆವು, ಒಳಗೂ 180 ಇದೆ ಎಂದು ನಂಬಿದೆವು. ನಿಜ ಹೇಳಬೇಕೆಂದರೆ ಗುಂಡಿಯ ಮೇಲಿನ ಅಂಕಿ ನಾವು ಓವನ್ನಿಗೆ ಕೊಡುವ ಅಪ್ಪಣೆ ಮಾತ್ರ. ಅದು ಆ ಅಪ್ಪಣೆಯನ್ನು ಎಷ್ಟರ ಮಟ್ಟಿಗೆ ಪಾಲಿಸಿತು ಎಂಬುದು ಬೇರೆ ವಿಚಾರ.

ಒಳಗೆ ನಡೆಯುವುದು ಇಷ್ಟೇ. ಓವನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಒಂದು ಸಣ್ಣ ಕಾವಲುಗಾರ ಇರುತ್ತಾನೆ. ಅನೇಕ ಸಣ್ಣ ಓವನ್‌ಗಳಲ್ಲಿ ಇದು ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಪಟ್ಟಿ ಬಾಗುತ್ತದೆ, ವಿದ್ಯುತ್ ತಪ್ಪುತ್ತದೆ, ಸರಳು ಆರುತ್ತದೆ. ತಣ್ಣಗಾದಂತೆ ಪಟ್ಟಿ ನೆಟ್ಟಗಾಗುತ್ತದೆ, ಸರಳು ಮತ್ತೆ ಕೆಂಪಗಾಗುತ್ತದೆ. ಆದ್ದರಿಂದ ಓವನ್ನಿನ ಶಾಖ ಒಂದೇ ಕಡೆ ನಿಲ್ಲುವುದೇ ಇಲ್ಲ. ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಹತ್ತು ಹದಿನೈದು ಡಿಗ್ರಿ ಆಚೀಚೆ ತೂಗಿದರೆ ಗಾಬರಿಯಾಗಬೇಕಿಲ್ಲ, ಅದು ಅದರ ಸ್ವಭಾವ. ಉಯ್ಯಾಲೆಯ ನಡುವೇ ಜರುಗಿಹೋಗಿದ್ದರೆ ಮಾತ್ರ ತೊಂದರೆ. ನೀವು 180 ಎಂದಾಗ ಅದು 210ರ ಸುತ್ತ ತೂಗುತ್ತಿದ್ದರೆ ಕೇಕು ಕರಿಕಾಗದೆ ಇನ್ನೇನಾದೀತು?

ಮೊದಲು ಸುಲಭದ ತಪಾಸಣೆ

ಮೆಕ್ಯಾನಿಕ್‌ಗೆ ಹೇಳಿಕಳಿಸುವ ಮುಂಚೆ ನಾವೇ ನೋಡಬಹುದಾದ ಸಂಗತಿಗಳು ಕೆಲವಿವೆ. ಓವನ್ ಪೂರ್ತಿ ತಣ್ಣಗಿರಲಿ, ಪ್ಲಗ್ ತೆಗೆದಿರಲಿ.

1. ಗುಂಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ. ಅದರ ಗೆರೆ ಸರಿಯಾಗಿ "ಆಫ್" ಗುರುತಿಗೆ ಬಂದು ನಿಲ್ಲುತ್ತದೆಯೇ? ಗುಂಡಿ ಸಡಿಲವಾಗಿ ಕಡ್ಡಿಯ ಮೇಲೆ ಜಾರಿದ್ದರೆ ಅಂಕಿಗಳೆಲ್ಲ ಜರುಗಿರುತ್ತವೆ. ಗಡಿಯಾರದ ಮುಳ್ಳು ಜಾರಿದ ಹಾಗೆ, ಅಷ್ಟೇ.

2. ಪಾಕವಿಧಾನದ ಅಂಕಿ ಯಾವ ಲೆಕ್ಕದ್ದು ನೋಡಿ. ಅಮೆರಿಕದ ಪುಸ್ತಕಗಳಲ್ಲೂ ವಿಡಿಯೋಗಳಲ್ಲೂ 350 ಡಿಗ್ರಿ ಎಂದರೆ ಅದು ಫ್ಯಾರನ್‌ಹೀಟ್. ಅದರಲ್ಲಿ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ ಸುಮಾರು 177 ಸೆಲ್ಸಿಯಸ್ ಬರುತ್ತದೆ. 325 ಎಂದರೆ 163, 375 ಎಂದರೆ 190, 400 ಎಂದರೆ 204. ಈ ನಾಲ್ಕನ್ನು ಬರೆದಿಟ್ಟುಕೊಂಡರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ.

3. ಮೇಲಿನ ಸರಳು, ಕೆಳಗಿನ ಸರಳು ಎರಡೂ ಕೆಲಸ ಮಾಡುತ್ತಿವೆಯೇ? ಇದಕ್ಕೆ ಮಾತ್ರ ಪ್ಲಗ್ ಹಾಕಿ, ಎರಡೂ ಸರಳಿನ ಗುರುತಿಗೆ ತಿರುಗಿಸಿ, ಗಾಜಿನ ಮೂಲಕವೇ ನೋಡಿ. ಕೆಳಗಿನದು ಕೆಟ್ಟಿದ್ದರೆ ಕೇಕಿನ ತಳ ಹಸಿಯಾಗಿಯೇ ಉಳಿಯುತ್ತದೆ. ಬೇಯಿಸುವಾಗ ಗ್ರಿಲ್ ಗುರುತಿನಲ್ಲಿಟ್ಟು ಮರೆತರೆ ಮೇಲಿನ ಸರಳು ಮಾತ್ರ ಉರಿಯುವುದೂ ಉಂಟು.

4. ಓವನ್ನಿನ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿದ್ದೀರಾ? ಎಣ್ಣೆ ಬೀಳದಿರಲಿ ಎಂದು ಬಹಳ ಜನ ಹಾಸುತ್ತಾರೆ. ಅದು ಶಾಖದ ದಾರಿ ತಪ್ಪಿಸುತ್ತದೆ. ತೆಗೆದುಬಿಡಿ. ಹಾಗೆಯೇ ಜಾಲರಿಯನ್ನೆಲ್ಲ ಮುಚ್ಚುವಷ್ಟು ದೊಡ್ಡ ತಟ್ಟೆ ಇಟ್ಟರೆ ಬಿಸಿಗಾಳಿ ಓಡಾಡುವುದಿಲ್ಲ. ಸುತ್ತ ಎರಡು ಬೆರಳಷ್ಟು ಜಾಗ ಬಿಡಿ.

5. ಬಾಗಿಲು ಬಿಗಿಯಾಗಿ ಕೂರುತ್ತದೆಯೇ? ತೆಳ್ಳನೆಯ ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಲೀಸಾಗಿ ಬಂದರೆ ಆ ಕಡೆಯಿಂದ ಶಾಖ ಸೋರುತ್ತಿದೆ ಎಂದು ತಿಳಿಯಿರಿ.

6. ಕೇಕಿನ ಡಬ್ಬಿ ಯಾವ ಬಣ್ಣದ್ದು? ಕಪ್ಪು ಡಬ್ಬಿ ಶಾಖವನ್ನು ಬೇಗ ಹೀರುತ್ತದೆ, ಹೊಳೆಯುವ ಅಲ್ಯೂಮಿನಿಯಂ ನಿಧಾನ. ಡಬ್ಬಿ ಕಪ್ಪಗಿದ್ದರೆ, ಇಲ್ಲವೇ ಗಾಜಿನ ಪಾತ್ರೆಯಾದರೆ, 15 ಡಿಗ್ರಿ ಕಡಿಮೆ ಇಡುವುದು ವಾಸಿ. ಬೀಸಣಿಗೆ ತಿರುಗುವ ಕನ್ವೆಕ್ಷನ್ ಓವನ್ ಆದರೆ ಸಾಧಾರಣ ಪಾಕವಿಧಾನಕ್ಕಿಂತ 20 ಡಿಗ್ರಿ ಕಡಿಮೆ.

ಇದಿಷ್ಟೂ ಸರಿಯಾಗಿದೆ, ಆದರೂ ಕೇಕು ಕೆಡುತ್ತಿದೆ ಎಂದರೆ ಈಗ ಅಳೆಯಲೇಬೇಕು.

ಅಳೆಯುವವನನ್ನು ಮೊದಲು ಅಳೆಯಿರಿ

ಓವನ್ನಿಗೆಂದೇ ಮಾಡಿದ, ಜಾಲರಿಗೆ ತೂಗುಹಾಕುವ ಗುಂಡನೆಯ ಥರ್ಮಾಮೀಟರ್‌ಗಳು ಸಿಗುತ್ತವೆ. ಕಡ್ಡಿಯಂತೆ ಚುಚ್ಚುವ ಬಗೆಯವೂ ಇವೆ. ಎರಡು ಮೂರು ಜನ ಗೆಳತಿಯರು ಸೇರಿ ಒಂದು ಕೊಂಡರೂ ಸಾಕು, ದಿನವೂ ಬೇಕಾಗುವ ವಸ್ತುವಲ್ಲ. ಆದರೆ ಒಂದು ಮಾತು ನೆನಪಿಡಿ. ಜ್ವರ ನೋಡುವ ಥರ್ಮಾಮೀಟರನ್ನು ಅಪ್ಪಿತಪ್ಪಿಯೂ ಓವನ್ನಿಗೆ ಇಡಬೇಡಿ. ಅದರ ಅಳತೆ 42 ಡಿಗ್ರಿಯ ಸುಮಾರಿಗೇ ಮುಗಿಯುತ್ತದೆ. ಒಡೆದರೆ ಗಾಜು, ಹಳೆಯದಾದರೆ ಪಾದರಸದ ವಿಷ.

ಅಳೆಯುವ ಕಡ್ಡಿಯೇ ಸುಳ್ಳು ಹೇಳಿದರೆ? ಅದನ್ನೂ ಪರೀಕ್ಷಿಸಬಹುದು. ಚುಚ್ಚುವ ಕಡ್ಡಿಯಾದರೆ ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ನೀರು ಬೆರೆಸಿ, ಚೆನ್ನಾಗಿ ಕಲಕಿ. ಕಡ್ಡಿಯ ತುದಿ ನಡುವೆ ಇರಲಿ, ಲೋಟಕ್ಕೆ ತಾಗದಿರಲಿ. ಒಂದು ನಿಮಿಷದಲ್ಲಿ 0 ತೋರಿಸಬೇಕು. ಆಮೇಲೆ ಕೊತಕೊತ ಕುದಿಯುವ ನೀರಿಗೆ ಹಿಡಿಯಿರಿ.

"ಕುದಿಯುವ ನೀರು 100 ತಾನೇ?" ಅಂತೀರಾ? ಕಾರವಾರ, ಮಂಗಳೂರಿನಲ್ಲಿ ಹೌದು, ಅವು ಸಮುದ್ರದ ಮಟ್ಟದಲ್ಲಿವೆ. ಘಟ್ಟ ಹತ್ತಿದಂತೆ ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಇದು ಇಳಿಯುತ್ತದೆ. ಹುಬ್ಬಳ್ಳಿಯಲ್ಲಿ ಹತ್ತಿರ ಹತ್ತಿರ 98, ಬೆಂಗಳೂರಿನಲ್ಲಿ 97, ಮಡಿಕೇರಿಯಲ್ಲಿ 96. ಮಡಿಕೇರಿಯ ಸೋದರಿಯೊಬ್ಬರು 96 ಕಂಡು "ಥರ್ಮಾಮೀಟರ್ ಕೆಟ್ಟಿದೆ" ಎಂದು ಎಸೆದರೆ ಅನ್ಯಾಯವಲ್ಲವೇ? ಐಸಿನಲ್ಲೂ ಕುದಿನೀರಿನಲ್ಲೂ ಒಂದೇ ಸಮನಾಗಿ ಎರಡು ಡಿಗ್ರಿ ಹೆಚ್ಚು ತೋರಿಸಿದರೆ, ಮುಂದೆ ಓದುವಾಗಲೆಲ್ಲ ಎರಡು ಕಳೆದು ಓದಿಕೊಳ್ಳಿ. ತೂಗುಹಾಕುವ ಗುಂಡು ಥರ್ಮಾಮೀಟರನ್ನು ಮಾತ್ರ ನೀರಿಗೆ ಮುಳುಗಿಸಬಾರದು.

ಐದು ಓದು, ಒಂದು ಲೆಕ್ಕ

ಈಗ ಓವನ್ನಿನ ಸರದಿ. ಥರ್ಮಾಮೀಟರನ್ನು ನಡುಜಾಲರಿಯ ನಟ್ಟನಡುವೆ ಇಡಿ, ಗೋಡೆಗೂ ಸರಳಿಗೂ ಸೋಕದಿರಲಿ. ಬಾಗಿಲು ಹಾಕಿ ಗುಂಡಿಯನ್ನು 180ಕ್ಕೆ ತಿರುಗಿಸಿ. ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ಆಮೇಲೆ ಐದೈದು ನಿಮಿಷಕ್ಕೊಮ್ಮೆ, ಐದು ಸಲ, ಗಾಜಿನ ಮೂಲಕವೇ ನೋಡಿ ಬರೆದುಕೊಳ್ಳಿ. ಬಾಗಿಲು ತೆಗೆಯಬೇಡಿ. ತೆಗೆದ ಕೂಡಲೇ ಬಿಸಿಗಾಳಿಯೆಲ್ಲ ಹೊರಗೆ ನುಗ್ಗಿ ಅಳತೆ ಕೆಡುತ್ತದೆ.

ಐದು ಸಲ ಏಕೆ? ಮೊದಲೇ ಹೇಳಿದೆನಲ್ಲ, ಓವನ್ನಿನ ಶಾಖ ಉಯ್ಯಾಲೆಯ ಹಾಗೆ. ಒಂದೇ ಸಲ ನೋಡಿದರೆ ಉಯ್ಯಾಲೆ ಮೇಲಿದ್ದಾಗ ನೋಡಿದಿರೋ, ಕೆಳಗಿದ್ದಾಗ ನೋಡಿದಿರೋ ತಿಳಿಯದು.

ಮಲೆನಾಡಿನ ಆ ಸೋದರಿಗೆ ನಾನು ಇದನ್ನೇ ಬರೆದೆ. ಅವರು ಹತ್ತೇ ದಿನದಲ್ಲಿ ಲೆಕ್ಕ ಕಳಿಸಿದರು. ಗುಂಡಿ 180ರಲ್ಲಿ ಇದ್ದಾಗ ಅವರು ಓದಿದ್ದು 195, 215, 200, 210, 205. ಒಟ್ಟು 1025. ಐದರಿಂದ ಭಾಗಿಸಿದರೆ 205. ಅಂದರೆ ಓವನ್ 25 ಡಿಗ್ರಿ ಜಾಸ್ತಿ ಕಾಯುತ್ತಿತ್ತು! ಪಾಪ, ಆ ತಾಯಿ ಎಷ್ಟು ದಿನ ತಮ್ಮ ಕೈಯನ್ನೇ ಶಪಿಸಿಕೊಂಡರೋ.

ಇಷ್ಟಕ್ಕೇ ನಿಲ್ಲಿಸಬಾರದು. ಇನ್ನೊಂದು ದಿನ 150ರಲ್ಲೂ 200ರಲ್ಲೂ ಇದೇ ಪರೀಕ್ಷೆ ಮಾಡಿ. ಮೂರರಲ್ಲೂ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಆದರೆ ನಿಮ್ಮ ಅದೃಷ್ಟ. 180 ಬೇಕಾದಾಗ 155ಕ್ಕೆ ಇಟ್ಟರಾಯಿತು. 150ರಲ್ಲಿ 10, 200ರಲ್ಲಿ 35 ಹೀಗೆ ವ್ಯತ್ಯಾಸ ಏರುತ್ತಾ ಹೋದರೆ ಒಂದು ಚೀಟಿಯಲ್ಲಿ ಪಟ್ಟಿ ಮಾಡಿ: "ಬೇಕಾದದ್ದು ಇಷ್ಟು, ಇಡಬೇಕಾದದ್ದು ಇಷ್ಟು." ಆ ಚೀಟಿಯನ್ನು ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ. ಹೊಸ ಡಿಜಿಟಲ್ ಓವನ್‌ಗಳಲ್ಲಿ ಕೆಲವಕ್ಕೆ ಈ ವ್ಯತ್ಯಾಸವನ್ನು ಒಳಗೇ ತಿದ್ದುವ ಸೌಕರ್ಯವಿದೆ, ಜೊತೆಗೆ ಬಂದ ಪುಸ್ತಿಕೆಯಲ್ಲಿ ವಿಧಾನ ಇರುತ್ತದೆ. ವ್ಯತ್ಯಾಸ 40 ಡಿಗ್ರಿ ದಾಟಿದರೆ, ಅಥವಾ ಇವತ್ತೊಂದು ನಾಳೆಯೊಂದು ಬಂದರೆ, ಚೀಟಿಯಿಂದ ಆಗುವ ಕೆಲಸವಲ್ಲ. ಥರ್ಮೋಸ್ಟಾಟ್ ಬದಲಾಯಿಸಬೇಕು. ವಾರಂಟಿ ಇದ್ದರೆ ಈ ಅಂಕಿಗಳ ಚೀಟಿಯನ್ನೇ ಅಂಗಡಿಯವರ ಮುಂದೆ ಇಡಿ. "ಕೇಕು ಸರಿ ಬರೋಲ್ಲ" ಎಂದರೆ ಅವರು ನಿಮ್ಮ ಕೈಗುಣದ ಮಾತು ತೆಗೆಯುತ್ತಾರೆ. "180ಕ್ಕೆ ಇಟ್ಟರೆ 225 ಬರುತ್ತೆ, ಇಗೋ ಐದು ಓದು" ಎಂದರೆ ಮಾತಿಗೆ ಜಾಗವೇ ಇಲ್ಲ.

ಥರ್ಮಾಮೀಟರ್ ಇಲ್ಲವೇ? ಸಕ್ಕರೆ ಇದೆಯಲ್ಲ!

ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಅಲ್ಯೂಮಿನಿಯಂ ಹಾಳೆಯಲ್ಲಿ ಪುಟ್ಟ ದೊನ್ನೆ ಮಾಡಿ ಒಂದು ಟೀ ಚಮಚ ಸಕ್ಕರೆ ಹರಡಿ. ಓವನ್ನನ್ನು 175ಕ್ಕೆ ಇಟ್ಟು, ಇಪ್ಪತ್ತು ನಿಮಿಷ ಕಾಯಿಸಿ, ದೊನ್ನೆಯನ್ನು ನಡುಜಾಲರಿಯಲ್ಲಿ ಇಡಿ. ಹದಿನೈದು ನಿಮಿಷವಾದರೂ ಸಕ್ಕರೆ ಕಾಳು ಕಾಳಾಗಿಯೇ ಇರಬೇಕು. ಕರಗಿ ಪಾಕವಾಗಿದ್ದರೆ ಓವನ್ ಹೆಚ್ಚು ಕಾಯುತ್ತಿದೆ. ಆಮೇಲೆ 190ಕ್ಕೆ ಏರಿಸಿ, ಹತ್ತು ನಿಮಿಷ ಬಿಟ್ಟು, ಹೊಸ ದೊನ್ನೆ ಇಡಿ. ಈ ಸಲ ಹದಿನೈದು ನಿಮಿಷದಲ್ಲಿ ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ. ಇದು ಒರಟು ಲೆಕ್ಕ, ನಿಜ. ಆದರೆ ಓವನ್ನಿನ ಸ್ವಭಾವ ಯಾವ ಕಡೆಗೆ ಎಂದು ಗೊತ್ತಾಗುತ್ತದೆ. ಕರಗಿದ ಸಕ್ಕರೆ ಮೈಮೇಲೆ ಬಿದ್ದರೆ ಕಿತ್ತರೂ ಬಿಡದು. ಮಕ್ಕಳನ್ನು ದೂರವಿಡಿ.

ಥರ್ಮಾಮೀಟರೂ ಬೇಡ, ಸಕ್ಕರೆಯೂ ಬೇಡ ಎನ್ನುವವರಿಗೆ ಕೇಕೇ ಸಾಕ್ಷಿ ಹೇಳುತ್ತದೆ. ನಡುವೆ ಗುಡ್ಡದಂತೆ ಉಬ್ಬಿ ಬಿರಿದರೆ ಶಾಖ ಹೆಚ್ಚು. ಮೇಲೆ ಕರಿಕು, ಒಳಗೆ ಹಸಿ ಎಂದರೆ ಶಾಖ ಹೆಚ್ಚು, ಇಲ್ಲವೇ ಡಬ್ಬಿ ಮೇಲಿನ ಸರಳಿಗೆ ತೀರಾ ಹತ್ತಿರ. ಬಣ್ಣವೇ ಬಾರದೆ, ಏಳದೆ, ಗಂಟೆಗಟ್ಟಲೆ ಇಟ್ಟು ಕೊನೆಗೆ ಒಣ ಒಣ ಆದರೆ ಶಾಖ ಕಡಿಮೆ. ಮಾಂಸಾಹಾರದ ಮನೆಗಳಲ್ಲಿ ಶಾಖ ಕಡಿಮೆಯಾದರೆ ರುಚಿಯ ಮಾತಷ್ಟೇ ಅಲ್ಲ, ಆರೋಗ್ಯದ ಮಾತೂ ಹೌದು. ಕೋಳಿಯ ದಪ್ಪ ತುಂಡಿನ ಒಳಭಾಗ 74 ಡಿಗ್ರಿ ಮುಟ್ಟಿರಲೇಬೇಕು.

ಸಂಜೆ ಆರರ ಓವನ್

"ಬೆಳಿಗ್ಗೆ ಮಾಡಿದರೆ ಚೆನ್ನಾಗಿ ಬರುತ್ತೆ, ಸಂಜೆ ಮಾಡಿದರೆ ಕೆಡುತ್ತೆ, ಇದೇನು ಗ್ರಹಚಾರ?" ಅಂತ ಕೇಳುವವರೂ ಇದ್ದಾರೆ. ಗ್ರಹಚಾರವಲ್ಲ, ವೋಲ್ಟೇಜು. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಸಂಜೆ ಎಲ್ಲರ ಮನೆಯ ದೀಪ, ಪಂಪು, ಟಿ.ವಿ. ಒಟ್ಟಿಗೆ ಶುರುವಾದಾಗ ಇದು ಇಳಿಯುತ್ತದೆ. ಸರಳಿನ ಶಕ್ತಿ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುವುದರಿಂದ, 230 ಇದ್ದದ್ದು 200 ಆದರೆ 1500 ವಾಟಿನ ಓವನ್ ಸುಮಾರು 1130 ವಾಟು ಮಾತ್ರ ಕೊಡುತ್ತದೆ. 180 ವೋಲ್ಟ್ ಆದರೆ ಬರೀ 920. ಬೆಳಿಗ್ಗೆ ಹನ್ನೆರಡು ನಿಮಿಷದಲ್ಲಿ ಕಾಯುವ ಓವನ್ ಸಂಜೆ ಇಪ್ಪತ್ತು ನಿಮಿಷ ತೆಗೆದುಕೊಂಡರೆ ಆಶ್ಚರ್ಯವಿಲ್ಲ. ನಾವು ಗಡಿಯಾರ ನೋಡಿ ಹತ್ತು ನಿಮಿಷಕ್ಕೇ ಹಿಟ್ಟು ಇಟ್ಟುಬಿಡುತ್ತೇವೆ, ಅಲ್ಲೇ ಎಡವಟ್ಟು. ಸಂಜೆ ಮಾಡುವುದಾದರೆ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಕಾಯಿಸಿ, ಪದೇ ಪದೇ ಬಾಗಿಲು ತೆಗೆಯಬೇಡಿ. ಅಂದ ಹಾಗೆ, 1500 ವಾಟಿನ ಓವನ್ 6 ಆಂಪಿಯರ್ ಮೀರಿ ಎಳೆಯುತ್ತದೆ. ಆದ್ದರಿಂದ ಸಣ್ಣ ಸಾಕೆಟ್ಟಿಗೂ ಎಕ್ಸ್‌ಟೆನ್ಷನ್ ಪೆಟ್ಟಿಗೆಗೂ ಸಿಕ್ಕಿಸಬೇಡಿ, 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು.

ಕಡಲಾಚೆಯ ಗ್ರಿಲ್ಲಿಗೂ ಇದೇ ಮಾತು

ಮಗ ಅಮೆರಿಕದಲ್ಲಿರುವ ಓದುಗ ಸೋದರಿಯೊಬ್ಬರು ಕೇಳಿದ್ದಾರೆ: "ಮಗನ ಮನೆಯ ಹಿತ್ತಿಲಲ್ಲಿ ಪೆಲೆಟ್ ಗ್ರಿಲ್ ಅಂತ ದೊಡ್ಡ ಒಲೆ ಇದೆ. ಅಷ್ಟು ಹಣ ಕೊಟ್ಟ ಯಂತ್ರವೂ ತಪ್ಪು ತೋರಿಸುತ್ತದೆಯಂತೆ, ನಿಜವೇ?"

ನಿಜವೇ ತಾಯಿ. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳೇ ಅದರ ಸೌದೆ. 1980ರ ದಶಕದಲ್ಲಿ ಆರಿಗಾನ್ ರಾಜ್ಯದಲ್ಲಿ ಹುಟ್ಟಿದ ಒಲೆ ಅದು. ಒಂದು ತಿರುಪು ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆಂಕಿಯ ಕುಡಿಕೆಗೆ ನೂಕುತ್ತದೆ, ಬೀಸಣಿಗೆ ಊದುತ್ತದೆ, ಶಾಖ ತಿಳಿಯುವ ಒಂದು ಕಡ್ಡಿ "ಸಾಕು, ಬೇಕು" ಎಂದು ಹೇಳುತ್ತದೆ. ಆ ಕಡ್ಡಿ ಗೂಡಿನ ಒಂದು ಪಕ್ಕದಲ್ಲಿರುತ್ತದೆ, ಮಾಂಸವೋ ಜೋಳದ ತೆನೆಯೋ ಇರುವುದು ನಡುವೆ. ಎರಡೂ ಕಡೆಯ ಶಾಖ ಒಂದೇ ಆಗಬೇಕೆಂದೇನಿಲ್ಲ. ಕಡ್ಡಿಗೆ ಹೊಗೆಯ ಮಸಿ ಮೆತ್ತಿದರೆ ಅದು ಇನ್ನೂ ಮಂದ. ಮಗನಿಗೆ ಹೇಳಿ: ಒಲೆ ತಣ್ಣಗಿರುವಾಗ ಕಡ್ಡಿಯನ್ನು ಒರೆಸಲಿ, ಕುಡಿಕೆಯ ಬೂದಿ ತೆಗೆಯಲಿ, ತೇವ ಹಿಡಿದು ಉದುರಾದ ಗುಳಿಗೆ ಹಾಕದಿರಲಿ, ಬೇರೆ ಥರ್ಮಾಮೀಟರನ್ನು ನಡುವೆ ಇಟ್ಟು ಅರ್ಧ ಗಂಟೆ ಬಿಟ್ಟು ಐದು ಸಲ ಓದಲಿ. ಚಳಿಗಾಳಿ ಬೀಸುವ ದಿನ ಈ ಪರೀಕ್ಷೆ ಬೇಡ. ಆಮೇಲೆ ವ್ಯತ್ಯಾಸವನ್ನು ಯಂತ್ರದಲ್ಲಿ ತಿದ್ದುವ ಸೌಕರ್ಯವಿದ್ದರೆ ತಿದ್ದಲಿ, ಇಲ್ಲದಿದ್ದರೆ ನಮ್ಮ ಹಾಗೆ ಚೀಟಿ ಅಂಟಿಸಲಿ. ದೇಶ ಬೇರೆಯಾದರೂ ಶಾಖದ ಗುಣ ಒಂದೇ.

ಪರೀಕ್ಷೆಗೊಂದು ತಿಂಡಿ: ನಾನ್‌ಖಟಾಯಿ

ಓವನ್ನಿನ ಯಾವ ಮೂಲೆ ಹೆಚ್ಚು ಬಿಸಿ, ಯಾವುದು ಕಡಿಮೆ ಎಂದು ತಿಳಿಯಲು ನಾನ್‌ಖಟಾಯಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಪರೀಕ್ಷೆಯೂ ಆಯಿತು, ಮಕ್ಕಳಿಗೆ ತಿಂಡಿಯೂ ಆಯಿತು.

ಬೇಕಾಗುವ ಸಾಮಾನು: ಮೈದಾ 1 ಲೋಟ, ಕಡಲೆಹಿಟ್ಟು 2 ಚಮಚ, ಚಿರೋಟಿ ರವೆ 1 ಚಮಚ, ಪುಡಿ ಮಾಡಿದ ಸಕ್ಕರೆ ಅರ್ಧ ಲೋಟ, ಗಟ್ಟಿ ತುಪ್ಪ ಅರ್ಧ ಲೋಟ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಏಲಕ್ಕಿ ಪುಡಿ ಸ್ವಲ್ಪ, ಉಪ್ಪು ಚಿಟಿಕೆ.

ಮಾಡುವ ವಿಧಾನ: ತುಪ್ಪ, ಸಕ್ಕರೆಯನ್ನು ಬೆಳ್ಳಗೆ ಹಗುರವಾಗುವವರೆಗೆ ನಾದಿರಿ. ಉಳಿದದ್ದನ್ನೆಲ್ಲ ಜರಡಿ ಹಿಡಿದು ಸೇರಿಸಿ, ಒತ್ತದೆ ಕೂಡಿಸಿ. ಹಿಟ್ಟು ಉದುರಿದರೆ ಇನ್ನರ್ಧ ಚಮಚ ತುಪ್ಪ ಹಾಕಬಹುದು, ನೀರು ಬೇಡ. ಹಿಟ್ಟಿನಲ್ಲಿ ಸಮನಾದ ಉಂಡೆಗಳನ್ನು ಮಾಡಿ, ಮೇಲೆ ಮೆಲ್ಲಗೆ ಒತ್ತಿ. ತಟ್ಟೆಯ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು, ಹೀಗೆ ಐದನ್ನು ಮೊದಲು ಇಡಿ. ನಿಮ್ಮ ಚೀಟಿಯ ಲೆಕ್ಕದಂತೆ ಒಳಗೆ ನಿಜವಾಗಿ 170 ಡಿಗ್ರಿ ಇರುವಂತೆ ಕಾಯಿಸಿ, 15ರಿಂದ 18 ನಿಮಿಷ ಬೇಯಿಸಿ. ನಡುವೆ ತಟ್ಟೆ ತಿರುಗಿಸಬೇಡಿ, ಪರೀಕ್ಷೆ ಅಲ್ಲವೇ?

ತೆಗೆದ ಮೇಲೆ ಐದನ್ನೂ ಅದೇ ಜಾಗದ ಕ್ರಮದಲ್ಲಿ ನೋಡಿ. ಹಿಂದಿನ ಎಡಮೂಲೆಯದು ಕಂದಾಗಿ, ಮುಂದಿನ ಬಲಮೂಲೆಯದು ಬೆಳ್ಳಗೆ ಉಳಿದಿದ್ದರೆ, ನಿಮ್ಮ ಓವನ್ನಿನ ನಕ್ಷೆ ಸಿಕ್ಕಿತು ಎಂದೇ ಲೆಕ್ಕ. ಇನ್ನು ಮುಂದೆ ಬೇಯುವ ಹೊತ್ತಿನ ಮೂರನೇ ಎರಡು ಪಾಲು ಮುಗಿದ ಮೇಲೆ ತಟ್ಟೆಯನ್ನು ಒಮ್ಮೆ ತಿರುಗಿಸಿ ಇಟ್ಟರೆ ಸರಿ. ಕೇಕನ್ನು ಮಾತ್ರ ಅದಕ್ಕೂ ಮೊದಲು ಅಲುಗಿಸಬೇಡಿ, ಕುಸಿದೀತು. ಉಳಿದ ಉಂಡೆಗಳನ್ನು ಹೀಗೆ ತಿರುಗಿಸಿ ಬೇಯಿಸಿ, ಎರಡು ತಂಡಕ್ಕೂ ವ್ಯತ್ಯಾಸ ನೋಡಿ. ಬಿಸಿಯಿರುವಾಗ ಮೆತ್ತಗಿರುತ್ತವೆ, ಆರಿದ ಮೇಲೆಯೇ ಗರಿ ಬರುತ್ತದೆ. ಗಟ್ಟಿಯಾಗಲಿಲ್ಲವೆಂದು ಮತ್ತೆ ಒಳಗಿಟ್ಟು ಸುಡಬೇಡಿ.

ಈ ಪರೀಕ್ಷೆಗಳನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ದೀಪಾವಳಿಗೆ ಮುಂಚೆಯೋ ಕ್ರಿಸ್‌ಮಸ್‌ಗೆ ಮುಂಚೆಯೋ, ನಿಮ್ಮ ಅನುಕೂಲ. ಓವನ್ ಬೇರೆ ಜಾಗಕ್ಕೆ ಸಾಗಿಸಿದಾಗ, ಸರಳು ಬದಲಾಯಿಸಿದಾಗ ಇನ್ನೊಮ್ಮೆ ಮಾಡಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಓದುವ, ಬರೆಯುವ, ಭಾಗಿಸುವ ಕೆಲಸ ಅವರಿಗೇ ಬಿಡಿ. ವಿಜ್ಞಾನದ ಪಾಠ ತಲೆಗೆ ಹತ್ತುತ್ತದೆ, ನಾನ್‌ಖಟಾಯಿ ಹೊಟ್ಟೆಗೆ ಹೋಗುತ್ತದೆ.

ನಿಮ್ಮ ಓವನ್ನಿನ ಐದು ಓದುಗಳು ಎಷ್ಟೆಷ್ಟು ಬಂದವು, ಯಾವ ಊರು, ಬೆಳಿಗ್ಗೆಯೋ ಸಂಜೆಯೋ ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಕಿನ ಹಿಟ್ಟಿನ ಹದ, ಮೊಟ್ಟೆಯಿಲ್ಲದೆ ಅದನ್ನು ಮೆತ್ತಗೆ ಏಳಿಸುವ ಬಗೆ ಇವುಗಳ ವಿಚಾರ ನೋಡೋಣ. ಅಷ್ಟರಲ್ಲಿ ಚೀಟಿ ಗೋಡೆಗೆ ಅಂಟಿರಲಿ!